ಅಪ್ಪ ಬರಿಗಾಲಲ್ಲಿ ದಾಟಿದ ನೀರು

ನಮ್ಮಪ್ಪ ಸಮುದ್ರವನ್ನು ಮೊದಲ ಸಲ ನೋಡಿದ್ದು ವಿಮಾನದ ಕಿಟಕಿಯಿಂದ. ಬಹಳ ಹೊತ್ತು ಹಣೆಯನ್ನು ಗಾಜಿಗೆ ಒತ್ತಿಕೊಂಡು ನೋಡಿದ. ಆಮೇಲೆ ನನ್ನ ಮೊಣಕೈ ತಿವಿದು, "ಇಷ್ಟ್ ನೀರೈತಲ್ಲೋ, ಒಂದ್ ಕುರೀಗಾದ್ರೂ ಕುಡಿಯಕ್ಕಾಯ್ತದ?" ಎಂದು ಕೇಳಿದ.

"ಇಲ್ಲ ಕಣಪ್ಪ. ಉಪ್ಪು."

"ಮತ್ಯಾಕ್ಲಾ ಇಷ್ಟೊಂದು?"

ಆಚೆ ಸೀಟಿನಲ್ಲಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳ ಹೆಗಲಿಗೊರಗಿ ನಿದ್ದೆ ಹೋಗಿದ್ದ ಎಂಟು ವರ್ಷದ ಮಗಳು ಎಚ್ಚರಾಗಿ, ಯಾಕೆಂದು ತಿಳಿಯದಿದ್ದರೂ ತಾನೂ ನಕ್ಕಳು. ಆ ವಿಮಾನವನ್ನು ಅಪ್ಪ ತನ್ನ ಎರಡು ಕಾಲಿನ ಮೇಲೆ ನಡೆದು ಹತ್ತಿದ್ದ. ವಾಪಸು ಬರುವಾಗ ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದವನು ನಾನು.

ಹೋದದ್ದು ನನ್ನ ಕೆಲಸಕ್ಕೆ. ರಾಮನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಗಣಿತ ಹೇಳಿಕೊಟ್ಟಿದ್ದೆ. ನಮ್ಮೂರು ಮಾಗಡಿ ಕಡೆ. ಬೆಳಿಗ್ಗೆ ಬಸ್ಸಿಗೆ ನೇತುಬಿದ್ದು ಹೋಗುವುದು, ಸಂಜೆ ನೇತುಬಿದ್ದು ಬರುವುದು. ಹೆಂಡತಿ ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಇಬ್ಬರೂ ಮನೆ ಸೇರುವ ಹೊತ್ತಿಗೆ ಮಗಳು ತಾತನ ಕಂಬಳಿಯ ಮೇಲೆ ಮಲಗಿಬಿಟ್ಟಿರುತ್ತಿದ್ದಳು. ಹೀಗಿರುವಾಗ ಮಾಲ್ಡೀವ್ಸಿನ ದ್ವೀಪಗಳಲ್ಲಿ ಗಣಿತದ ಮೇಷ್ಟ್ರುಗಳು ಬೇಕಾಗಿದ್ದಾರೆ, ಮನೆಯವರನ್ನೂ ಕರೆದುಕೊಂಡು ಹೋಗಬಹುದು ಎಂದು ಜೊತೆಯ ಮೇಷ್ಟ್ರೊಬ್ಬರು ಹೇಳಿದರು. ಅರ್ಜಿ ಹಾಕಿದೆ. ಆಯಿತು. ಎರಡು ವರ್ಷದ ಒಪ್ಪಂದ.

ಅವ್ವ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಅಪ್ಪನನ್ನು ನನ್ನ ಸೋದರತ್ತೆಯ ಮನೆಯಲ್ಲಿ ಬಿಡೋಣ ಎಂದು ನಾನು ಅಂದುಕೊಂಡಿದ್ದೆ. ಹೆಂಡತಿ ಪಟ್ಟು ಹಿಡಿದಳು. "ಮಾವನ್ನ ಬುಟ್ಟು ನಾನು ಬರಾಕಿಲ್ಲ. ನಿಮಗೆ ಬೇಕಾದ್ರೆ ಒಬ್ರೇ ಹೋಗಿ ಬನ್ನಿ."

ಅಪ್ಪ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. "ಹೂಂ, ನಾನೂ ಬತ್ತೀನಿ. ಕೂಸು ಎಲ್ಲೋ ನಾನಲ್ಲಿ. ಆದ್ರೆ ಕುರಿ ಏನ್ಲಾ ಮಾಡದು?" ಎಂದ.

ಕುರಿ ಮಾರಿದೆವು. ನಲವತ್ತಮೂರು ಇದ್ದವು. ವ್ಯಾಪಾರದವರು ರೊಪ್ಪದೊಳಕ್ಕೆ ಬಂದು ಒಂದೊಂದನ್ನೇ ಬೆನ್ನು ಅದುಮಿ ನೋಡುತ್ತಿದ್ದಾಗ ಅಪ್ಪ, ಮುಂಗಾಲು ಎತ್ತಿಕೊಂಡು ಕುಂಟುತ್ತಿದ್ದ ಒಂದು ಹೆಣ್ಣು ಕುರಿಯನ್ನು ಮೆಲ್ಲಗೆ ಮಂದೆಯ ನಡುವಿಗೆ ನೂಕಿದ. ಅವರು ಹೋದ ಮೇಲೆ, ಮೋಸವಲ್ಲವೇ ಅಪ್ಪ ಎಂದು ಕೇಳಿದೆ. ಅಪ್ಪ ನನ್ನ ಮೇಲೆಯೇ ಗದರಿದ. "ನಿಂಗೇನ್ ಗೊತ್ತು ಕಣ್ಲಾ? ಕುಂಟೋದ್ನ ಯಾವತ್ತೂ ತೋರ್ಸಬಾರ್ದು. ಕುಂಟೋ ಕುರಿ ಕಂಡ್ರೆ ಕಟುಕ ಮೊದ್ಲು ಅದ್ರ ಕುತ್ಗೇಗೇ ಹಗ್ಗ ಹಾಕದು. ಒಸಿ ದಿನ ಮುಚ್ಚಿಕ್ಕಂಡ್ರೆ ಅದೇ ವಾಸಿ ಆಯ್ತದೆ." ಹೊಗೆಸೊಪ್ಪು, ಸುಣ್ಣ, ಬೂದಿ ಸೇರಿಸಿ ಅರೆದು ಗಾಯಕ್ಕೆ ತುಂಬಿ ಬಟ್ಟೆ ಸುತ್ತುವುದು ಅವನ ವೈದ್ಯ. ಐವತ್ತು ವರ್ಷ ಅದರಲ್ಲೇ ಎಷ್ಟೋ ಗೊರಸುಗಳನ್ನು ಉಳಿಸಿದ್ದ.

ನಾವು ಹೋದ ದ್ವೀಪ ಎಷ್ಟು ಚಿಕ್ಕದೆಂದರೆ, ತಲುಪಿದ ಮರುದಿನ ಬೆಳಿಗ್ಗೆ ಅಪ್ಪ ಕೋಲು ಹಿಡಿದು, ಊರು ನೋಡಿಕೊಂಡು ಬರುತ್ತೇನೆಂದು ಹೊರಟವನು ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಎದುರು ದಿಕ್ಕಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ.

"ಮುಗಿದೋಯ್ತಲ್ಲೋ" ಎಂದ.

"ಹೂಂ ಕಣಪ್ಪ. ಇಷ್ಟೇ."

"ಮುಂದಕ್ಕೆ?"

"ಮುಂದಕ್ಕೆ ಇಲ್ಲ."

ಅವನ ಮುಖ ನೋಡಬೇಕಿತ್ತು. ಸಾವನದುರ್ಗದ ಬುಡದಿಂದ ಮಂದೆ ಹೊಡೆದುಕೊಂಡು ಅರ್ಕಾವತಿ ದಾಟಿ, ಬೇಸಿಗೆ ಪೂರ್ತಿ ಕನಕಪುರದ ಕಾಡಂಚಿನಲ್ಲಿ ತಿರುಗಿ, ಮಳೆ ಬೀಳುವ ಹೊತ್ತಿಗೆ ಮನೆ ಸೇರುತ್ತಿದ್ದ ಮನುಷ್ಯ. ಅವನಿಗೆ ದಾರಿ ಎಂದರೆ ಮುಗಿಯದೆ ಇರುವುದು. ಅಲ್ಲಿ ಬೆಳ್ಳಗಿನ ಮರಳಿನ ಬೀದಿಗಳು, ಹವಳದ ಕಲ್ಲಿನ ಗೋಡೆಗಳು, ತೆಂಗಿನಮರ. ಯಾವ ಬೀದಿಯಲ್ಲಿ ನಡೆದರೂ ಕೊನೆಗೆ ನೀರು. ಅಪ್ಪ ದಿನಕ್ಕೆ ಐದು ಸುತ್ತು, ಆರು ಸುತ್ತು ಹಾಕತೊಡಗಿದ. ಗಾಣಕ್ಕೆ ಕಟ್ಟಿದ ಎತ್ತನ್ನು ನೋಡಿದ ಹಾಗಾಗುತ್ತಿತ್ತು. ಮನೆಮುಂದೆ ಬಲೆ ಹೆಣೆದ ಕುರ್ಚಿಗಳಲ್ಲಿ ಕೂತ ಅಲ್ಲಿಯ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಗಿ ತಲೆಯೆತ್ತುವುದನ್ನೂ ಬಿಟ್ಟರು. ಅಪ್ಪನ ಊಟ ಅರ್ಧಕ್ಕರ್ಧ ಕಡಿಮೆಯಾಯಿತು. ಹೆಂಡತಿ ಊರಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿಕೊಟ್ಟರೂ, "ನಡೀದೆ ಇರೋನ್ಗೆ ಮುದ್ದೆ ಯಾಕವ್ವ" ಎಂದು ತಟ್ಟೆ ಸರಿಸುತ್ತಿದ್ದ.

ಎರಡನೆಯ ತಿಂಗಳಲ್ಲಿ ಅವನಿಗೆ ಮೇಕೆಗಳು ಸಿಕ್ಕವು.

ನಮ್ಮ ದ್ವೀಪದ ಪಕ್ಕಕ್ಕೇ, ಅದೇ ಹವಳದ ದಿಬ್ಬದ ಮೇಲೆ, ಜನ ಇಲ್ಲದ ಇನ್ನೊಂದು ತುಂಡು ನೆಲ ಇತ್ತು. ನೀರು ಇಳಿದಾಗ ಮೊಣಕಾಲು ಮಟ್ಟದಲ್ಲಿ ನಡೆದೇ ಹೋಗಬಹುದು. ಅಲ್ಲಿ ನಮ್ಮ ದ್ವೀಪದ ಮುದುಕರೊಬ್ಬರು ಹದಿನೈದಿಪ್ಪತ್ತು ಮೇಕೆ ಸಾಕಿದ್ದರು. ಒಂದು ದಿನ ಅಪ್ಪ ಅವರ ಹಿಂದೆ ಹೋಗಿಬಿಟ್ಟ. ಸಂಜೆ ಬಂದಾಗ ಅವನ ಮೈಯಿಂದ ಮೇಕೆ ವಾಸನೆ ಬರುತ್ತಿತ್ತು. ಮಗಳು ಓಡಿಹೋಗಿ ಅವನ ಹೊಟ್ಟೆಗೆ ಮೂಗು ಒತ್ತಿ, "ತಾತಾ, ನಮ್ಮೂರ್ ವಾಸನೆ!" ಎಂದಳು.

"ಬಕರಿ ಅಂತಾರೆ ಕಣ್ಲಾ ಇಲ್ಲೂವೆ. ನಮ್ಮೂರ್ ಸಾಬ್ರು ಅನ್ನಂಗೇಯ" ಎಂದು ಅಪ್ಪ ಏನೋ ಗೆದ್ದವನ ಹಾಗೆ ಹೇಳಿದ. ಆ ಮುದುಕರನ್ನು ಅಪ್ಪ ಸಾಬ್ರು ಎಂದೇ ಕರೆಯುತ್ತಿದ್ದ. ಇವನು ಕನ್ನಡದಲ್ಲಿ ಮಾತಾಡುವುದು, ಅವರು ಅವರ ಭಾಷೆಯಲ್ಲಿ. ಜಗಳ ಕೂಡ ಆಡುತ್ತಿದ್ದರು. ಹೋತದ ಕೊಂಬಿನ ವಿಚಾರಕ್ಕೆ ಅರ್ಧ ಗಂಟೆ ವಾದ ಮಾಡಿ ಬಂದೆ ಎಂದು ಅಪ್ಪ ಒಂದು ದಿನ ಹೇಳಿದ. ಯಾರು ಗೆದ್ದರು ಎಂದು ಕೇಳಿದರೆ, "ಸಾಬ್ರು ಹೇಳಿದ್ದು ಸರಿ, ಆದ್ರೆ ನಾನ್ ಒಪ್ಕಳ್ನಿಲ್ಲ" ಎಂದ.

ಒಂದೇ ಒಂದು ತೊಂದರೆ. ಅಲ್ಲಿಯವರು ಆ ನೀರನ್ನು ರಬ್ಬರ್ ಬೂಟೋ ಗಟ್ಟಿ ಚಪ್ಪಲಿಯೋ ಹಾಕಿಕೊಂಡು ದಾಟುತ್ತಾರೆ. ತಳದಲ್ಲಿ ಹವಳ ಬ್ಲೇಡಿನ ಹಾಗಿರುತ್ತದೆ. ಅಪ್ಪ ಮಾತ್ರ ದಡದಲ್ಲಿ ಚಪ್ಪಲಿ ಬಿಚ್ಚಿ, ಕೋಲಿನ ತುದಿಗೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಇಳಿಯುತ್ತಿದ್ದ. ನಮ್ಮಲ್ಲಿ ಹಾಗೇ. ಹಳ್ಳವಾಗಲಿ ಹೊಳೆಯಾಗಲಿ ಗಂಗಮ್ಮ. ಮೆಟ್ಟು ಹಾಕಿಕೊಂಡು ತುಳಿಯುವ ಹಾಗಿಲ್ಲ. ಚಿಕ್ಕವನಿದ್ದಾಗ ನಾನು ಸ್ಕೂಲ್ ಶೂ ಹಾಕಿಕೊಂಡೇ ಹಳ್ಳಕ್ಕೆ ಇಳಿದೆನೆಂದು ಅಪ್ಪ ಬೆತ್ತದಲ್ಲಿ ಬಾರಿಸಿದ್ದ. ಸಾಬ್ರು ದಿನಾ ಅವನ ಕಾಲು ತೋರಿಸಿ ತೋರಿಸಿ ಬೈಯುತ್ತಿದ್ದರಂತೆ. ನಾನೂ ಹೇಳಿದೆ. "ಅಪ್ಪ, ಇದು ಹೊಳೆ ಅಲ್ಲ, ಸಮುದ್ರ. ನಿಂಗೆ ಸಕ್ಕರೆ ಕಾಯಿಲೆ ಬೇರೆ ಐತೆ. ಚಪ್ಪಲಿ ಹಾಕ್ಕೊಂಡ್ ಹೋಗು."

"ಎಲ್ಲಾ ಹೊಳೇನೂ ಬಂದು ಸೇರದು ಇಲ್ಲಿಗೇ ಅಂತ ನಿನ್ ಮಗಳಿಗೆ ಪಾಠ ಮಾಡ್ತಿದ್ದೆ ನಿನ್ನೆ. ಹಂಗಾರೆ ಇವ್ಳು ಗಂಗಮ್ಮಂಗೂ ದೊಡ್ಡೋಳು" ಎಂದ ಅಪ್ಪ.

ಸಕ್ಕರೆ ಕಾಯಿಲೆಯಿಂದ ಅವನ ಪಾದಗಳಿಗೆ ಸ್ಪರ್ಶ ಅಷ್ಟಕ್ಕಷ್ಟೇ ಆಗಿತ್ತು. ರಾಮನಗರದ ಡಾಕ್ಟರು ಹೊರಡುವ ಮುಂಚೆಯೇ ಎಚ್ಚರಿಸಿದ್ದರು. ದಿನಾ ರಾತ್ರಿ ಅಂಗಾಲು ನೋಡಿ, ಸಣ್ಣ ಗಾಯ ಆದರೂ ಬಿಡಬೇಡಿ ಎಂದಿದ್ದರು. ಮೊದಲ ಎರಡು ವಾರ ನೋಡಿದೆ. ಆಮೇಲೆ ಬಿಟ್ಟೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ, ತಮಿಳುನಾಡಿನಿಂದ ಬಂದಿದ್ದ ಮೇಷ್ಟ್ರೊಬ್ಬರು ಚಹಾ ಕುಡಿಯುತ್ತ, "ಸಾರ್, ನಿಮ್ಮ ತಂದೆಗೆ ನಿಮಗಿಂತ ಮುಂಚೆ ಪರ್ಮನೆಂಟ್ ಕೆಲಸ ಆಯ್ತಲ್ಲ. ಆಡು ಇಲಾಖೆ!" ಎಂದರು. ಎಲ್ಲರೂ ನಕ್ಕರು. ಅಲ್ಲಿಯ ಹಿರಿಯ ಶಿಕ್ಷಕಿಯೊಬ್ಬರು ನಗದೆ, ಸಮಾಧಾನವಾಗಿ, ಆಶ್ರಿತರ ವೀಸಾದಲ್ಲಿ ಬಂದವರು ದುಡಿಯುವ ಹಾಗಿಲ್ಲ, ಯಾರಾದರೂ ತಪ್ಪು ತಿಳಿದಾರು, ಜೋಪಾನ ಎಂದರು. ಆಕೆ ಹೇಳಿದ್ದು ನನ್ನ ಒಳ್ಳೆಯದಕ್ಕೇ.

ಮನೆಗೆ ಬಂದವನು ಶರ್ಟು ಕೂಡ ಬಿಚ್ಚಲಿಲ್ಲ. "ಅಪ್ಪ, ಇನ್ಮೇಲೆ ಆ ಕಡೆ ಹೋಗಬ್ಯಾಡ."

"ಯಾಕ್ಲಾ?"

"ಕೆಲ್ಸ ಮಾಡ್ತಾವ್ನೆ ಅಂತ ಅಂದ್ಕಂಡ್ರೆ ವೀಸಾ ಕಿತ್ತಾಕ್ತಾರೆ. ನನ್ ಕೆಲ್ಸಾನೂ ಹೋಯ್ತದೆ."

"ಕೂಲಿ ಎಲ್ಲಿ ಈಸ್ಕಂಡೆ ನಾನು? ಮ್ಯಾಕೆ ನೋಡ್ದೆ. ನೋಡದೂ ತಪ್ಪೇನ್ಲಾ?"

"ಮೇಷ್ಟ್ರ ಅಪ್ಪ ಮ್ಯಾಕೆ ಕಾಯ್ತಾನೆ ಅಂತ ಇಸ್ಕೂಲಲ್ಲೆಲ್ಲ ನಗ್ತಾವ್ರೆ ಕಣಪ್ಪ!"

ಬಾಯಿಂದ ಬಂದುಬಿಟ್ಟಿತ್ತು. ನನ್ನ ಟಿಸಿಎಚ್ಚು, ಡಿಗ್ರಿ, ಬಿಎಡ್ಡು ಎಲ್ಲವೂ ಟಗರು ಮಾರಿದ ದುಡ್ಡಿನಲ್ಲಿ ಆದದ್ದು. ಅದನ್ನು ಅಪ್ಪ ಹೇಳಲಿಲ್ಲ. "ಆಯ್ತು ಬುಡು" ಎಂದು ಕೋಲನ್ನು ಬಾಗಿಲ ಹಿಂದೆ ಒರಗಿಸಿದ.

ವೀಸಾದ ಭಯ ಸುಳ್ಳಲ್ಲ. ಆದರೆ ಅದೊಂದೇ ಆಗಿದ್ದರೆ ಆ ಶಿಕ್ಷಕಿಯನ್ನೇ ಕೇಳಿ, ಎಲ್ಲಿಗೆ ಹೋಗಿ ಯಾರ ಹತ್ತಿರ ಮಾತಾಡಬೇಕೆಂದು ತಿಳಿದುಕೊಳ್ಳಬಹುದಿತ್ತು. ನಾನು ಕೇಳಲಿಲ್ಲ. ನನಗೆ ಆಗಿದ್ದು ನಾಚಿಕೆ.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಹೆಂಡತಿ ಆಮೇಲೆ, ನಾನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದಾಗ, ಫೋನಿನಲ್ಲಿ ಅಳುತ್ತ ಹೇಳಿದ್ದು. ಪರೀಕ್ಷೆ ನಡೆಯುತ್ತಿದ್ದ ದಿನಗಳು. ನಾನು ಸ್ಕೂಲಿನಲ್ಲಿದ್ದಾಗ ಮಧ್ಯಾಹ್ನ ಸಾಬ್ರು ಓಡಿಕೊಂಡು ಬಂದು ಬಾಗಿಲು ಬಡಿದರಂತೆ. ಕೈಸನ್ನೆಯಲ್ಲೇ ಹೇಳಿದರಂತೆ. ಮೇಕೆ ಈಯಲು ಆಗದೆ ಒದ್ದಾಡುತ್ತಿದೆ, ಮರಿ ಅಡ್ಡ ಸಿಕ್ಕಿಕೊಂಡಿದೆ. ಅಪ್ಪ ಎದ್ದು ನಿಂತ, ಹಾಗೇ ಕೂತ. ಸೊಸೆಯ ಮುಖ ನೋಡಿದ. "ಅವ್ನು ಬ್ಯಾಡ ಅಂದವ್ನಲ್ಲವ್ವ."

"ಹೋಗಿ ಮಾವ. ನಾನು ಹೇಳಾಕಿಲ್ಲ" ಅಂದೆ, ನಾನೇ ಅಂದೆ, ಎಂದು ಅವಳು ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು.

ಅವಸರ. ನೀರು ಆಗಲೇ ಏರತೊಡಗಿತ್ತು. ಎಂದಿನ ದಾರಿ ಬಿಟ್ಟು ಒಂದೇ ನೇರಕ್ಕೆ ದಾಟಿದರು. ಅಷ್ಟು ಅವಸರದಲ್ಲೂ ಅಪ್ಪ ದಡದಲ್ಲಿ ನಿಂತು ಚಪ್ಪಲಿ ಬಿಚ್ಚಿದ. ಮರಿ ಬದುಕಿತು, ತಾಯಿಯೂ ಬದುಕಿತು. ಅಷ್ಟರಲ್ಲಿ ನೀರು ತುಂಬಿದ್ದರಿಂದ, ಆಚೆ ದಡದಲ್ಲಿ ಕಟ್ಟಿದ್ದ ಸಾಬ್ರ ದೋಣಿಯಲ್ಲಿ ವಾಪಸು ಬಂದು ಇಳಿದಾಗ ಮಗಳು ತಾತನ ಹೆಜ್ಜೆಯ ಹಿಂದೆ ಮರಳಿನಲ್ಲಿ ರಕ್ತ ನೋಡಿ ಕಿರುಚಿದಳು. ಅಪ್ಪನಿಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಬಲ ಅಂಗಾಲಿನಲ್ಲಿ ಹೆಬ್ಬೆರಳ ಬುಡದಿಂದ ನಡುವಿನ ತನಕ ಸೀಳಿತ್ತು.

ಸಾಬ್ರು ಹೆಲ್ತ್ ಸೆಂಟರಿನ ಕಡೆ ಕೈ ತೋರಿಸಿದರಂತೆ. ಹೆಂಡತಿಯೂ ಹೋಗೋಣ ಎಂದಳು. ಅಪ್ಪ ಒಪ್ಪಲಿಲ್ಲ. ಅಲ್ಲಿಗೆ ಹೋದರೆ ಹೆಸರು ಬರೆಸಬೇಕು, ಹೇಗಾಯಿತೆಂದು ಹೇಳಬೇಕು, ಮಗನ ಕೆಲಸಕ್ಕೆ ತೊಂದರೆ. ಹೊಗೆಸೊಪ್ಪು, ಸುಣ್ಣ, ಬೂದಿ ಅರೆದು ತುಂಬಿದ. ಹಳೆಯ ಪಂಚೆ ಹರಿದು ಸುತ್ತಿದ. ಮೊಮ್ಮಗಳ ಕೈ ತನ್ನ ತಲೆಯ ಮೇಲೆ ಇಡಿಸಿ, "ನಿಮ್ಮಪ್ಪಂಗೆ ಹೇಳ್ಬ್ಯಾಡ ಕೂಸೆ, ಮೂರ್ ದಿನಕ್ಕೆ ವಾಸಿ ಆಯ್ತದೆ" ಎಂದು ಆಣೆ ಮಾಡಿಸಿಕೊಂಡ. ಮೇಲೆ ನನ್ನದೇ ಒಂದು ಜೊತೆ ಕಾಲುಚೀಲ ಹಾಕಿಕೊಂಡ.

ಆ ಧಗೆಯಲ್ಲಿ ಕಾಲುಚೀಲ! ನಾನು ನೋಡಿದೆ. ಕೇಳಿಯೂ ಕೇಳಿದೆ. "ಕಾಲು ತಣ್ಗಾಯ್ತವೆ ಕಣ್ಲಾ, ವಯಸ್ಸಾಯ್ತಲ್ಲ" ಎಂದ. "ಸೂಟೂ ಹಾಕ್ಕಂಬುಡು, ಸಾಹೇಬ ಆಗೋಯ್ತೀಯ" ಎಂದು ತಮಾಷೆ ಮಾಡಿ ಪೇಪರ್ ತಿದ್ದಲು ಕೂತೆ. ಅಪ್ಪನೂ ನಕ್ಕ. ಸುತ್ತು ಹಾಕುವುದನ್ನು ನಿಲ್ಲಿಸಿದ್ದ. ಬೆಳಿಗ್ಗೆ ನಾನು ಹೊರಡುವಾಗ ಬಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ, ಬಂದಾಗಲೂ ಅಲ್ಲೇ. ನಾನೆದುರಿಗಿದ್ದಾಗ ಒಂದು ಹೆಜ್ಜೆಯೂ ನಡೆಯುತ್ತಿರಲಿಲ್ಲ. ಆ ವಾರ ನಾನು ಸೋದರತ್ತೆಗೆ ಫೋನ್ ಮಾಡಿ ಏನು ಹೇಳಿದೆ ಗೊತ್ತೆ? "ಅಪ್ಪ ಈಗ ಒಗ್ಗಿಕೊಂಡವ್ನೆ ಕಣತ್ತೆ. ನೆಮ್ಮದಿಯಾಗಿ ಒಂದ್ ಕಡೆ ಕೂತವ್ನೆ."

ಒಂಬತ್ತನೆಯ ದಿನ ಮನೆಯಲ್ಲಿ ವಾಸನೆ. ಮೀನು ಕೊಳೆತಿದೆ ಎಂದುಕೊಂಡು ನಾನು ಅಡುಗೆಮನೆಯಲ್ಲಿ ಹುಡುಕಿದೆ. ಹೆಂಡತಿ ಇದ್ದಕ್ಕಿದ್ದ ಹಾಗೆ ಹೋಗಿ ಅಪ್ಪನ ಕಾಲ ಹತ್ತಿರ ಕೂತಳು. "ಸಾಕು ಮಾವ. ತೋರ್ಸಿ." ಅಪ್ಪ ಕಾಲು ಹಿಂದಕ್ಕೆಳೆದುಕೊಂಡ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಕಾಲುಚೀಲ ಬಿಚ್ಚಲು ಬರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿದೆವು. ಎರಡು ಬೆರಳು ಕಪ್ಪಾಗಿದ್ದವು. ಊತ ಹಿಮ್ಮಡಿ ದಾಟಿ ಮೇಲಕ್ಕೆ ಹತ್ತಿತ್ತು.

ಹೆಲ್ತ್ ಸೆಂಟರಿನ ಡಾಕ್ಟರು ನೋಡಿದ ಕೂಡಲೇ ದೋಣಿಗೆ ಹೇಳಿ ಎಂದರು. ಜೆಟ್ಟಿಯ ತನಕ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದವರು ಸಾಬ್ರು. ಅವರಿಗೂ ಎಪ್ಪತ್ತರ ಹತ್ತಿರ. ಸ್ಪೀಡ್‌ಬೋಟಿನಲ್ಲಿ ರಾಜಧಾನಿಗೆ ಎರಡೂವರೆ ಗಂಟೆ. ಗಾಳಿ ಎದ್ದಿತ್ತು. ಪ್ರತಿ ಅಲೆಗೂ ದೋಣಿ ಎತ್ತಿ ಎತ್ತಿ ಕುಕ್ಕುತ್ತಿತ್ತು. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು.

"ಯಾಕಪ್ಪಾ ಹೇಳ್ನಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀನು ಕೆಲ್ಸ ಬುಟ್ಟು ಊರ್ಗೆ ಕರ್ಕಂಡೋಗ್ತಿದ್ದೆ" ಎಂದ. ಇನ್ನೊಂದು ಅಲೆ ಕುಕ್ಕಿದ ಮೇಲೆ, "ಮರಿ ಹೆಣ್ಣು ಕಣ್ಲಾ. ಚೆನ್ನಾಗೈತೆ" ಎಂದ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಬೆರಳು ಎಂದರು, ಮರುದಿನ ಪಾದ ಎಂದರು, ಮೂರನೆಯ ದಿನ ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ರುಜು ಹಾಕಿದವನು ನಾನು. ಅಪ್ಪನಿಗೆ ಅದನ್ನು ಹೇಳಬೇಕಾದವನೂ ನಾನೇ. ಮಂಚದ ಪಕ್ಕ ನಿಂತು ಏನೇನೋ ಸುತ್ತಿ ಬಳಸಿ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ಕುರಿ ಆಗಿದ್ರೆ ಇಷ್ಟೊತ್ತಿಗೆ ಕುಯ್ದು ಪಾಲು ಹಾಕಿರೋರು. ನನ್ನ ಅಷ್ಟಾದ್ರೂ ಉಳಿಸ್ಕತ್ತಾರಲ್ಲ, ಹಾಕು ಸೈನು" ಎಂದ. ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದ.

ಆಪರೇಷನ್ ಆಗಿ ಎಚ್ಚರಾದ ಮೇಲೆ ಅವನು ಕೇಳಿದ ಮೊದಲ ಮಾತು: "ನನ್ ಕಾಲ್ನ ಎಲ್ಲಿಕ್ಕಿದ್ರು?"

ಆಸ್ಪತ್ರೆಯವರು ಅದನ್ನೇನು ಮಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. "ಮಣ್ಣು ಮಾಡುದ್ರಂತೆ ಕಣಪ್ಪ" ಎಂದೆ.

"ನಮ್ಮೋರ್ದೆಲ್ಲ ಮಣ್ಣು ಹೊಲದಲ್ಲೈತೆ. ನಿಮ್ಮವ್ವಂದೂ ಅಲ್ಲೇ ಐತೆ. ನಂದು ಅರ್ಧ ಇಲ್ಲಿ, ಅರ್ಧ ಅಲ್ಲಿ" ಎಂದು ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. ಅಳಲಿಲ್ಲ. ಅತ್ತಿದ್ದರೆ ನಾನೂ ಅಳಬಹುದಿತ್ತು.

ಅದರ ನಂತರ ಮಗಳು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ತಾನು ಆಣೆ ಉಳಿಸಿಕೊಂಡಿದ್ದರಿಂದಲೇ ತಾತನ ಕಾಲು ಹೋಯಿತು ಎಂದು ಅವಳು ನಂಬಿದ್ದಳು. ಅದಕ್ಕೂ ಮುಂಚೆ, ಕಾಲುಚೀಲ ಕತ್ತರಿಸಿದ ದಿನ, ನಾನು ಅವಳನ್ನು ಒಂದು ಸಲ ಭುಜ ಹಿಡಿದು ಅಲುಗಿಸಿ, "ನಿಂಗ್ ಗೊತ್ತಿತ್ತಾ?" ಎಂದು ಕೂಗಿದ್ದೆ. ಎಂಟು ವರ್ಷದ ಕೂಸಿನ ಮೇಲೆ. ತಪ್ಪು ನಿನ್ನದಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿದರೂ ಅದು ಮೊದಲು ಕೂಗಿದ್ದನ್ನು ಅಳಿಸಲಿಲ್ಲ.

ವರ್ಷ ತುಂಬುವ ಮುಂಚೆಯೇ ಒಪ್ಪಂದ ಮುರಿದುಕೊಂಡು ಊರಿಗೆ ಬಂದೆವು. ಅಪ್ಪ ಯಾವುದಕ್ಕೆ ಹೆದರಿ ಕಾಲು ಮುಚ್ಚಿಟ್ಟನೋ ಅದು ಕಾಲು ಹೋದ ಮೇಲೂ ತಪ್ಪಲಿಲ್ಲ. ನಾನೀಗ ಚನ್ನಪಟ್ಟಣದ ಒಂದು ಸ್ಕೂಲಿಗೆ ಹೋಗುತ್ತೇನೆ, ಬಸ್ಸು ಇನ್ನೂ ದೂರ. ನೋಡಲು ಬಂದ ಊರಿನವರು ಅಪ್ಪನ ಎದುರಿಗೇ, "ದ್ವೀಪಕ್ಕೋಗಿ ಏನ್ ತಂದ್ರಿ ಅಂದ್ರೆ ಒಂದ್ ಕಾಲ್ ಕೊಟ್ಟ್ ಬಂದ್ರಂತೆ" ಎಂದು ಹೇಳಿದ್ದೂ ಉಂಟು. "ಸುಂಕ ಕಣ್ರಪ್ಪ, ಸುಂಕ. ಬರಿಗೈಲಿ ಬುಡ್ತಾರಾ?" ಎಂದು ಅಪ್ಪ ಅವರನ್ನೇ ನಗಿಸಿ ಕಳಿಸುತ್ತಿದ್ದ. ಆದರೆ ಸಂಜೆ ಬೇರೆಯವರ ಮಂದೆ ಮನೆಮುಂದೆ ಹಾದುಹೋಗುವಾಗ ಒಳಗೆ ಹೋಗಿ ಮಲಗುತ್ತಿದ್ದ.

ಹೋದ ತಿಂಗಳು ರಾಮನಗರದಲ್ಲಿ ಕೃತಕ ಕಾಲು ಅಳತೆ ತೆಗೆಯುವ ಶಿಬಿರವಿತ್ತು. ಕರೆದುಕೊಂಡು ಹೋದೆ. ಅಳತೆ ತೆಗೆಯುತ್ತಿದ್ದ ಹುಡುಗಿ ಬಹಳ ಒಳ್ಳೆಯವಳು. ಅಪ್ಪನ ಮೊಂಡುಗಾಲನ್ನು ಎರಡೂ ಕೈಯಲ್ಲಿ ಹಿಡಿದು, ನೋವಾಗುತ್ತಾ ಅಜ್ಜ ಎಂದು ಕೇಳುತ್ತ ಟೇಪು ಸುತ್ತಿದಳು. ಆಮೇಲೆ ಅರ್ಜಿ ಎಳೆದುಕೊಂಡು, "ದಿನಕ್ಕೆ ಎಷ್ಟು ದೂರ ನಡೀಬೇಕಾಗುತ್ತೆ ಅಜ್ಜ? ಮನೆಯೊಳಗಾ, ಹೊರಗಾ, ಹೊಲಕ್ಕೂ ಹೋಗ್ತೀರಾ? ಅದರ ಮೇಲೆ ಪಾದ ಯಾವುದು ಅಂತ ನೋಡ್ತೀವಿ" ಎಂದಳು.

ಅಪ್ಪ ನನ್ನ ಮುಖ ನೋಡಿದ. "ಅವನ್ನ ಕೇಳವ್ವ. ಅವ್ನು ಎಷ್ಟು ದೂರ ಅಂತಾನೋ ಅಷ್ಟು."

ಚುಚ್ಚಲಿಕ್ಕೆ ಹೇಳಿದ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ನನ್ನ ಅಪ್ಪಣೆಗೆ ಕಾಯುತ್ತಿದ್ದ. ಆ ಹುಡುಗಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು. ಹೊಲಕ್ಕೂ ಎಂದು ಹೇಳಲು ಬಾಯಿ ತೆರೆದೆ. ಇನ್ನೊಂದು ಪಾದಕ್ಕೂ ಸ್ಪರ್ಶ ಕಡಿಮೆಯಾಗುತ್ತಿದೆ, ಹೆಚ್ಚು ನಡೆಸಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು.

"ಮನೆಯೊಳಗೆ ಮಾತ್ರ" ಎಂದೆ.

ಅವಳು ಬರೆದುಕೊಂಡಳು. ಅಪ್ಪ ತಲೆಯಾಡಿಸಿ, ಪಂಚೆ ಇಳಿಬಿಟ್ಟು, ನನ್ನ ಹೆಗಲಿಗೆ ಕೈ ಚಾಚಿದ.